ಫುಟ್‌ಬಾಲ್ ಪ್ರಿಡಿಕ್ಷನ್ ಮಾರ್ಕೆಟ್ ಎಂದರೇನು? ದರ ಹೇಗೆ ನಿಗದಿಯಾಗುತ್ತೆ, ಕಾನೂನು ಏನು ಹೇಳುತ್ತೆ? ಇಲ್ಲಿದೆ ಮಾಹಿತಿ

ನಾಗ್ಪುರ: 2023ರ ಜುಲೈನಲ್ಲಿ ನಾಗ್ಪುರ ಪೊಲೀಸರ ಮುಂದೆ ಬಂದ ಪ್ರಕರಣವೊಂದು ದೇಶದ ಗಮನ ಸೆಳೆದಿತ್ತು. ಇಲ್ಲಿನ ಉದ್ಯಮಿಯೊಬ್ಬರು ಆನ್‌ಲೈನ್ ಗೇಮಿಂಗ್ ಆ್ಯಪ್‌ ನಂಬಿ ಸುಮಾರು 58 ಕೋಟಿ ರೂಪಾಯಿ ಕಳೆದುಕೊಂಡಿದ್ದರು. ಅದೇ ಆ್ಯಪ್‌ನಲ್ಲಿ ಅವರು ಗೆದ್ದಿದ್ದು ಸುಮಾರು 5 ಕೋಟಿ ಮಾತ್ರ ಎಂದು ಪೊಲೀಸರು ತಿಳಿಸಿದ್ದರು. ವಿದರ್ಭದ ಗೊಂದಿಯಾದಲ್ಲಿದ್ದ ಆರೋಪಿಯ ಮನೆ ಶೋಧಿಸಿದಾಗ ಕಂತೆ ಕಂತೆ ನಗದು, ಚಿನ್ನ, ಬೆಳ್ಳಿ ಸಿಕ್ಕಿತ್ತು.

ಆ ಆ್ಯಪ್ ಪ್ರಿಡಿಕ್ಷನ್ ಮಾರ್ಕೆಟ್ ಆಗಿರಲಿಲ್ಲ. ಆದರೆ ಮೊಬೈಲ್ ಪರದೆಯ ಮೇಲೆ ಎರಡನ್ನೂ ಬೇರ್ಪಡಿಸಿ ನೋಡುವುದು ಸುಲಭವಲ್ಲ. ‘ಇದು ಬೆಟ್ಟಿಂಗ್ ಅಲ್ಲ, ಟ್ರೇಡಿಂಗ್’ ಎಂಬ ಮಾತು ಫುಟ್‌ಬಾಲ್ ಅಭಿಮಾನಿಗಳ ಕಿವಿಗೂ ಬೀಳುತ್ತಿದೆ. ಹಾಗಾದರೆ ಈ ಮಾರುಕಟ್ಟೆ ನಡೆಯುವುದು ಹೇಗೆ? ಹಣ ಯಾರಿಂದ ಯಾರಿಗೆ ಹೋಗುತ್ತದೆ? ಭಾರತದಲ್ಲಿ ಇದಕ್ಕೆ ಅವಕಾಶ ಇದೆಯೇ? ಒಂದೊಂದಾಗಿ ನೋಡೋಣ.

ಏನಿದು ಪ್ರಿಡಿಕ್ಷನ್ ಮಾರ್ಕೆಟ್?

ಮುಂದೆ ನಡೆಯಲಿರುವ ಘಟನೆಯೊಂದರ ಬಗ್ಗೆ ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರವನ್ನೇ ಷೇರಿನಂತೆ ಕೊಳ್ಳುವ, ಮಾರುವ ಜಾಗವೇ ಪ್ರಿಡಿಕ್ಷನ್ ಮಾರ್ಕೆಟ್. ಭಾರತದಲ್ಲಿ ಇದು ‘ಒಪಿನಿಯನ್ ಟ್ರೇಡಿಂಗ್’ ಎಂಬ ಹೆಸರಿನಲ್ಲಿ ಹೆಚ್ಚು ಪರಿಚಿತ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯ 1988ರಲ್ಲಿ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶ ಅಂದಾಜಿಸಲು ಶುರು ಮಾಡಿದ ಪುಟ್ಟ ಮಾರುಕಟ್ಟೆ ಈ ಪದ್ಧತಿಯ ಹಳೆಯ ಉದಾಹರಣೆಗಳಲ್ಲಿ ಒಂದು. ಈಗ ಅಮೆರಿಕದಲ್ಲಿ ಕಾಲ್ಶಿ, ಪಾಲಿಮಾರ್ಕೆಟ್‌ನಂತಹ ಕಂಪನಿಗಳು ಕ್ರೀಡೆಗೂ ಇದನ್ನು ವಿಸ್ತರಿಸಿವೆ. ಇದು ಜೂಜೋ ಅಲ್ಲವೋ ಎಂಬ ಬಗ್ಗೆ ಅಲ್ಲಿನ ಹಲವು ರಾಜ್ಯಗಳು ಕೋರ್ಟ್‌ನಲ್ಲಿ ತಕರಾರು ಎತ್ತಿವೆ.

ದರ ಎಂದರೆ ಸಾಧ್ಯತೆ

ಬೆಂಗಳೂರು ಎಫ್‌ಸಿ ಮತ್ತು ಎಫ್‌ಸಿ ಗೋವಾ ನಡುವೆ ಪಂದ್ಯವಿದೆ ಎಂದುಕೊಳ್ಳಿ. ‘ಬೆಂಗಳೂರು ಗೆಲ್ಲುತ್ತದೆಯೇ?’ ಎಂಬುದು ಪ್ರಶ್ನೆ. ಉತ್ತರ ಸರಿಯಾದರೆ 10 ರೂಪಾಯಿ, ತಪ್ಪಾದರೆ ಸೊನ್ನೆ.

ಒಬ್ಬರು ‘ಹೌದು’ ಎನ್ನಲು 5.50 ರೂ. ಕೊಡಲು ಸಿದ್ಧರಿದ್ದಾರೆ. ಇನ್ನೊಬ್ಬರು ‘ಇಲ್ಲ’ ಎನ್ನಲು 4.50 ರೂ. ಹಾಕುತ್ತಾರೆ. ಎರಡೂ ಸೇರಿ 10 ರೂ. ಆಗುತ್ತದೆ, ವ್ಯವಹಾರ ಕುದುರುತ್ತದೆ. ಪಂದ್ಯ ಮುಗಿದ ಮೇಲೆ ಈ 10 ರೂ. ಗೆದ್ದವರ ಪಾಲು. ಅಂದರೆ ನಿಮಗೆ ಬರುವ ಲಾಭ ಇನ್ನೊಬ್ಬ ಅಭಿಮಾನಿಯ ಜೇಬಿನಿಂದಲೇ ಬರಬೇಕು. ನಡುವೆ ಆ್ಯಪ್ ಕಂಪನಿ ತನ್ನ ಕಮಿಷನ್ ತೆಗೆದುಕೊಳ್ಳುತ್ತದೆ. ಹೀಗಾಗಿ ಆಡುವವರೆಲ್ಲರ ಲೆಕ್ಕ ಒಟ್ಟು ಹಾಕಿದರೆ ಕೊನೆಗೆ ಉಳಿಯುವುದು ನಷ್ಟವೇ.

5.50 ರೂ. ದರ ಎಂದರೆ ಬೆಂಗಳೂರು ಗೆಲ್ಲುವ ಸಾಧ್ಯತೆ ಶೇ. 55 ಎಂದು ಮಾರುಕಟ್ಟೆ ಅಂದಾಜಿಸಿದೆ ಎಂದರ್ಥ. ಪಂದ್ಯ ಮುಗಿಯುವವರೆಗೂ ಕಾಯಲೇಬೇಕೆಂದಿಲ್ಲ. ಬೆಂಗಳೂರು ಗೋಲು ಹೊಡೆದು ದರ 7 ರೂ.ಗೆ ಏರಿದರೆ ಅಲ್ಲೇ ಮಾರಿ 1.50 ರೂ. ಲಾಭ ಪಡೆಯಬಹುದು. ಗೋವಾ ಗೋಲು ಹೊಡೆದರೆ ದರ ಕುಸಿಯುತ್ತದೆ.

ಬುಕ್ಕಿಗೂ ಇದಕ್ಕೂ ಏನು ವ್ಯತ್ಯಾಸ?

ಸಾಮಾನ್ಯ ಬೆಟ್ಟಿಂಗ್‌ನಲ್ಲಿ ನಿಮ್ಮ ಎದುರಾಳಿ ಬುಕ್ಕಿ. ದರ ಇಡುವವನೂ ಅವನೇ. ಸಮಬಲದ ಎರಡು ತಂಡಗಳಿಗೂ ಆತ 1 ರೂ.ಗೆ 1.90 ರೂ. ಕೊಡುತ್ತೇನೆ ಎಂದರೆ, ಒಂದೊಂದು ತಂಡದ ಸಾಧ್ಯತೆ ಶೇ. 52.6 ಎಂದು ಲೆಕ್ಕ ಹಾಕಿದಂತಾಯಿತು. ಎರಡೂ ಕೂಡಿದರೆ ಶೇ. 105 ದಾಟುತ್ತದೆ. ನೂರಕ್ಕಿಂತ ಹೆಚ್ಚಿರುವ ಆ ಭಾಗವೇ ಬುಕ್ಕಿಯ ಲಾಭ.

ಪ್ರಿಡಿಕ್ಷನ್ ಮಾರ್ಕೆಟ್‌ನಲ್ಲಿ ದರ ಇಡುವವರು ಆಡುವವರೇ. ಕಂಪನಿ ಹೇಳಿಕೊಳ್ಳುವಂತೆ ಅದು ಬರೀ ಮಧ್ಯವರ್ತಿ. ಆದರೆ ನೀವು ಕೊಟ್ಟ 5.50 ರೂ.ಗೆ ಎದುರಾಗಿ 4.50 ರೂ. ಹಾಕಿದವರು ಯಾರು ಎಂಬುದು ಪರದೆಯ ಮೇಲೆ ಕಾಣುವುದಿಲ್ಲ. ಅದು ನಿಮ್ಮಂತಹ ಅಭಿಮಾನಿ ಇರಬಹುದು, ಕಂಪ್ಯೂಟರ್ ಪ್ರೋಗ್ರಾಂ ಬಳಸುವ ವೃತ್ತಿಪರ ಇರಬಹುದು. ನಿಯಂತ್ರಣ ಇಲ್ಲದ ಕಡೆ ಕಂಪನಿಯವರೇ ಎದುರು ನಿಂತಿದ್ದರೂ ಪತ್ತೆ ಹಚ್ಚಲಾಗದು.

ಫುಟ್‌ಬಾಲ್‌ನಲ್ಲಿ ಎಡವುವುದು ಇಲ್ಲೇ

ಕ್ರಿಕೆಟ್ ಲೆಕ್ಕಾಚಾರ ರೂಢಿಯಾದವರು ಫುಟ್‌ಬಾಲ್‌ನಲ್ಲಿ ಮರೆಯುವ ಸಂಗತಿ ಡ್ರಾ. ‘ಬೆಂಗಳೂರು ಗೆಲ್ಲುತ್ತದೆಯೇ?’ ಎಂಬುದಕ್ಕೆ ‘ಇಲ್ಲ’ ಎಂದರೆ ಗೋವಾ ಗೆಲ್ಲುತ್ತದೆ ಎಂದಷ್ಟೇ ಅಲ್ಲ, ಪಂದ್ಯ ಡ್ರಾ ಆಗುತ್ತದೆ ಎಂದೂ ಅರ್ಥ. ತಮ್ಮ ತಂಡ ಬಲಿಷ್ಠ ಎಂಬ ಒಂದೇ ಕಾರಣಕ್ಕೆ ‘ಹೌದು’ ಎನ್ನುವವರು ಸೋಲು ಮತ್ತು ಡ್ರಾ ಎರಡರ ವಿರುದ್ಧವೂ ಬಾಜಿ ಕಟ್ಟಿರುತ್ತಾರೆ.

ಎರಡನೆಯದು ಹೆಚ್ಚುವರಿ ಸಮಯ. 2019ರ ಮಾರ್ಚ್ 17ರಂದು ಮುಂಬೈನಲ್ಲಿ ನಡೆದ ಐಎಸ್‌ಎಲ್ ಫೈನಲ್ ನೆನಪಿಸಿಕೊಳ್ಳಿ. 90 ನಿಮಿಷ ಮುಗಿದಾಗ ಬೆಂಗಳೂರು, ಗೋವಾ ಎರಡೂ ಗೋಲು ಗಳಿಸಿರಲಿಲ್ಲ. 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಹೆಡ್ ಮಾಡಿದ ಚೆಂಡು ಬಲೆ ಸೇರಿ ಬೆಂಗಳೂರು ಮೊದಲ ಬಾರಿಗೆ ಐಎಸ್‌ಎಲ್ ಚಾಂಪಿಯನ್ ಆಯಿತು. ‘ಬೆಂಗಳೂರು ಟ್ರೋಫಿ ಗೆಲ್ಲುತ್ತದೆಯೇ?’ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ‘ಹೌದು’. ‘90 ನಿಮಿಷದಲ್ಲಿ ಗೆಲ್ಲುತ್ತದೆಯೇ?’ ಎಂದಿದ್ದರೆ ‘ಇಲ್ಲ’. 2022ರ ವಿಶ್ವಕಪ್ ಫೈನಲ್‌ಗೂ ಇದೇ ಮಾತು ಅನ್ವಯ. ಕಪ್ ಎತ್ತಿದ್ದು ಅರ್ಜೆಂಟೀನಾ, ಆದರೆ 90 ನಿಮಿಷದ ಲೆಕ್ಕದಲ್ಲಿ ಅದು 2-2 ಡ್ರಾ.

ಮೂರನೆಯದು ಪಂದ್ಯ ಅರ್ಧಕ್ಕೆ ನಿಂತರೆ ಏನು ಎಂಬುದು. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೆಟ್ರಿ ಹೆಚ್ಚುವರಿ ಸಮಯದಲ್ಲಿ ತಟ್ಟನೆ ಹೊಡೆದ ಫ್ರೀ ಕಿಕ್ ಗೋಲಾಯಿತು. ಅದನ್ನು ಒಪ್ಪದ ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೊರನಡೆಯಿತು. ಬೆಂಗಳೂರು ಗೆದ್ದಿದೆ ಎಂದು ಘೋಷಿಸಲಾಯಿತು. ಇಂತಹ ದಿನ ಹಣ ಯಾರಿಗೆ ಸೇರಬೇಕು ಎಂಬುದನ್ನು ತೀರ್ಮಾನಿಸುವುದು ನಿಮ್ಮ ಫುಟ್‌ಬಾಲ್ ಜ್ಞಾನವಲ್ಲ, ಆ್ಯಪ್‌ನ ನಿಯಮಾವಳಿಯ ಸಣ್ಣ ಅಕ್ಷರಗಳು. ಆ ನಿಯಮ ಬರೆದದ್ದು ಕಂಪನಿ, ತೀರ್ಪು ಕೊಡುವುದೂ ಕಂಪನಿಯೇ.

ಅಭಿಮಾನವೇ ದುಬಾರಿ

ಪಂದ್ಯ ನಡೆಯುತ್ತಿರುವಾಗ ದರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಮೊಬೈಲ್‌ನಲ್ಲಿ ‘ಲೈವ್’ ನೋಡುವವರಿಗೆ ದೃಶ್ಯ ತಲುಪುವುದು ಕೆಲವು ಸೆಕೆಂಡ್ ತಡವಾಗಿ. ಮೈದಾನದಿಂದ ನೇರ ಮಾಹಿತಿ ಪಡೆಯುವವರು ಅಷ್ಟರಲ್ಲಿ ಕೊಂಡು ಮಾರಿ ಆಗಿರುತ್ತದೆ. ನಿಮಗೆ ಅಗ್ಗವಾಗಿ ಕಂಡ ದರ ಆಗಲೇ ಹಳತಾಗಿರಬಹುದು.

ಇನ್ನೊಂದು ದೌರ್ಬಲ್ಯ ಅಪರೂಪದ ಗೆಲುವಿನ ಆಸೆ. 2015-16ರ ಇಂಗ್ಲಿಷ್ ಪ್ರೀಮಿಯರ್ ಲೀಗ್ ಶುರುವಾದಾಗ ಲೆಸ್ಟರ್ ಸಿಟಿ ಚಾಂಪಿಯನ್ ಆಗುತ್ತದೆ ಎಂಬುದಕ್ಕೆ ಬುಕ್ಕಿಗಳು ಒಂದಕ್ಕೆ 5,000 ಪಟ್ಟು ದರ ಇಟ್ಟಿದ್ದರು. ಲೆಸ್ಟರ್ ಗೆದ್ದೇ ಬಿಟ್ಟಿತು. ಆ ಒಂದು ಕಥೆ ಎಲ್ಲರಿಗೂ ನೆನಪಿದೆ. ಪ್ರತಿ ವರ್ಷ ಹಾಗೆಯೇ ಬಾಜಿ ಕಟ್ಟಿ ಸೋತವರ ಕಥೆ ಯಾರಿಗೂ ಗೊತ್ತಿಲ್ಲ. ದುರ್ಬಲ ತಂಡಗಳಿಗೆ ಜನ ಇರಬೇಕಾದ್ದಕ್ಕಿಂತ ಹೆಚ್ಚು ದರ ಕೊಡುತ್ತಾರೆ ಎಂಬುದು ಕುದುರೆ ರೇಸ್ ಕಾಲದಿಂದಲೂ ಸಂಶೋಧಕರು ಗಮನಿಸಿರುವ ಸಂಗತಿ.

ಭಾರತದಲ್ಲಿ ಕಾನೂನು ಏನು ಹೇಳುತ್ತದೆ?

ಜೂಜು, ಬೆಟ್ಟಿಂಗ್ ಸಂವಿಧಾನದ ಪ್ರಕಾರ ರಾಜ್ಯಗಳ ಪಟ್ಟಿಯಲ್ಲಿರುವ ವಿಷಯ. ಮಹಾರಾಷ್ಟ್ರದಲ್ಲಿ 1887ರ ಜೂಜು ತಡೆ ಕಾಯ್ದೆ ಈಗಲೂ ಇದೆ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. ಕೌಶಲದ ಆಟಗಳನ್ನೂ ಸೇರಿಸಿದ್ದ ಆ ತಿದ್ದುಪಡಿಯ ಪ್ರಮುಖ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿತು. ‘ನಮ್ಮದು ಕೌಶಲದ ಆಟ’ ಎಂಬ ವಾದವನ್ನೇ ಒಪಿನಿಯನ್ ಟ್ರೇಡಿಂಗ್ ಕಂಪನಿಗಳೂ ಮುಂದಿಟ್ಟವು.

2025ರ ಏಪ್ರಿಲ್‌ನಲ್ಲಿ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ ಎಚ್ಚರಿಕೆ ನೀಡಿತು. ಒಪಿನಿಯನ್ ಟ್ರೇಡಿಂಗ್ ತನ್ನ ವ್ಯಾಪ್ತಿಗೆ ಬರುವುದಿಲ್ಲ, ಅಲ್ಲಿ ಹಣ ಹಾಕಿದವರಿಗೆ ಹೂಡಿಕೆದಾರರ ರಕ್ಷಣೆಯೂ ಇಲ್ಲ ಎಂದು ಸ್ಪಷ್ಟಪಡಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆಗೆ ಒಪ್ಪಿಗೆ ನೀಡಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು.

ಈ ಕಾಯ್ದೆಯ ಮುಖ್ಯಾಂಶಗಳು ಹೀಗಿವೆ:

* ಕೌಶಲವೋ, ಅದೃಷ್ಟವೋ ಎಂಬ ಭೇದವಿಲ್ಲದೆ ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳಿಗೂ ನಿಷೇಧ.
* ಇಂತಹ ಸೇವೆ ನೀಡಿದರೆ 3 ವರ್ಷದವರೆಗೆ ಜೈಲು, 1 ಕೋಟಿ ರೂ.ವರೆಗೆ ದಂಡ.
* ಜಾಹೀರಾತು ನೀಡಿದರೆ 2 ವರ್ಷದವರೆಗೆ ಜೈಲು, 50 ಲಕ್ಷ ರೂ.ವರೆಗೆ ದಂಡ.
* ಹಣ ವರ್ಗಾವಣೆಗೆ ನೆರವಾಗುವವರೂ ತಪ್ಪಿತಸ್ಥರು.
* ಆಡುವವರಿಗೆ ಈ ಕಾಯ್ದೆಯಡಿ ಶಿಕ್ಷೆ ಇಲ್ಲ.

ಕಾಯ್ದೆ ಬಂದ ಬೆನ್ನಲ್ಲೇ ಪ್ರೋಬೊ ಸೇರಿದಂತೆ ಪ್ರಮುಖ ಕಂಪನಿಗಳು ಹಣದ ಆಟ ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟ್ ಸೇರಿದಂತೆ ಹಲವೆಡೆ ಸಲ್ಲಿಕೆಯಾದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ವರ್ಗಾಯಿಸಿಕೊಂಡಿತು. ಹೀಗಿರುವಾಗ ಟೆಲಿಗ್ರಾಂ, ವಾಟ್ಸ್ಆ್ಯಪ್ ಗ್ರೂಪ್‌ಗಳ ಮೂಲಕ ಲಿಂಕ್ ಕಳಿಸಿ ‘ಟ್ರೇಡಿಂಗ್’ಗೆ ಕರೆಯುವವರನ್ನು ನಂಬಿದರೆ, ಹಣ ಹೋದಾಗ ಕೇಳಲು ನಿಯಂತ್ರಕರೇ ಇರುವುದಿಲ್ಲ. ವಂಚನೆಯಾಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ದೂರು ಬೇಗ ತಲುಪಿದಷ್ಟೂ ಖಾತೆಯಲ್ಲಿರುವ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಹಣವಿಲ್ಲದೆಯೂ ಆಡಬಹುದು

ಭವಿಷ್ಯ ಹೇಳುವ ಖುಷಿಗೆ ಕಾನೂನಿನ ಅಡ್ಡಿಯಿಲ್ಲ. ಗೆಳೆಯರ ಗುಂಪಿನಲ್ಲಿ ಪ್ರತಿ ಪಂದ್ಯಕ್ಕೂ ಮುನ್ನ ಎಲ್ಲರೂ ಒಂದು ಸಾಧ್ಯತೆ ಬರೆದಿಡಿ. ಶೇ. 70 ಎಂದರೆ 0.7. ಹೇಳಿದ್ದು ನಡೆದರೆ 1ರಿಂದ 0.7 ಕಳೆದು, ಉಳಿದ 0.3ರ ವರ್ಗ ಮಾಡಿ. 0.09 ಬರುತ್ತದೆ. ನಡೆಯದಿದ್ದರೆ 0.7ರ ವರ್ಗ, ಅಂದರೆ 0.49. ಟೂರ್ನಿ ಮುಗಿದಾಗ ಸರಾಸರಿ ಕಡಿಮೆ ಇರುವವರೇ ಗೆದ್ದವರು. ಹವಾಮಾನ ಮುನ್ಸೂಚನೆ ಅಳೆಯಲು 1950ರಲ್ಲಿ ಗ್ಲೆನ್ ಬ್ರಯರ್ ಕೊಟ್ಟ ಲೆಕ್ಕ ಇದು.

ಪ್ರತಿ ಪಂದ್ಯಕ್ಕೂ ಶೇ. 50 ಎಂದು ಬರೆದು ಸುಮ್ಮನಿರುವವರ ಸರಾಸರಿ 0.25 ಇರುತ್ತದೆ. ‘ನಮ್ಮ ತಂಡ ಗೆದ್ದೇ ಗೆಲ್ಲುತ್ತೆ’ ಎಂದು ಶೇ. 95 ಬರೆದು ಸೋತರೆ ಒಂದೇ ಪಂದ್ಯಕ್ಕೆ 0.90 ತಲೆಗೆ ಬೀಳುತ್ತದೆ. 48 ತಂಡಗಳ, 104 ಪಂದ್ಯಗಳ 2026ರ ವಿಶ್ವಕಪ್‌ನಂತಹ ಟೂರ್ನಿಯಲ್ಲಿ ಈ ಲೆಕ್ಕ ಇಟ್ಟು ನೋಡಿ. ಸರಾಸರಿ 0.25ಕ್ಕಿಂತ ಕೆಳಗೆ ಇಳಿಯದಿದ್ದರೆ, ನಿಮ್ಮ ಊಹೆ ನಾಣ್ಯ ಚಿಮ್ಮಿದಷ್ಟೇ ಎಂದು ಒಂದು ರೂಪಾಯಿಯೂ ಕಳೆದುಕೊಳ್ಳದೆ ಗೊತ್ತಾಗುತ್ತದೆ.