ಹೊಗೆ ಹಿಡಿದ ರೇಡಿಯೊ

ಕನ್ನಡದಲ್ಲಿ ಮಸಿ ಎಂಬ ಒಂದೇ ಶಬ್ದ ಎರಡು ವಸ್ತುಗಳನ್ನು ಹೇಳುತ್ತದೆ. ಒಲೆಯ ಹಿಂದಿನ ಗೋಡೆಗೆ ಹಿಡಿದ ಕಪ್ಪೂ ಮಸಿಯೇ, ಲೇಖಣಿಯಿಂದ ಇಳಿಯುವ ಶಾಯಿಯೂ ಮಸಿಯೇ. ತಾಳೆಯೋಲೆಯ ಗ್ರಂಥಗಳನ್ನು ಬಲ್ಲವರಿಗೆ ಇದು ಆಶ್ಚರ್ಯದ ಮಾತಲ್ಲ. ಉಕ್ಕಿನ ಕಂಟದಿಂದ ಓಲೆಯ ಮೇಲೆ ಕೊರೆದ ಅಕ್ಷರವು ಎಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ತೀಡುವವರೆಗೆ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ಮೇಲಿನದನ್ನು ಒರೆಸಿದರೆ ಗೀರಿನೊಳಗೆ ಉಳಿದ ಮಸಿಯೇ ಕಾವ್ಯವಾಗುತ್ತದೆ. ಆ ಓಲೆಕಟ್ಟುಗಳಿಗೆ ಹುಳು ಹತ್ತದಿರಲೆಂದು ಅಡಿಗೆಮನೆಯ ಅಟ್ಟದಲ್ಲಿ ಹೊಗೆ ತಾಗುವಂತೆ ಇಡುತ್ತಿದ್ದುದೂ ಉಂಟು. ಹೀಗೆ ನಮ್ಮ ಹಿಂದಿನ ಸಾಹಿತ್ಯದ ಒಂದು ಪಾಲನ್ನು ಉಳಿಸಿಕೊಟ್ಟದ್ದು ಹೊಗೆ ಎಂದರೆ ತಪ್ಪಾಗಲಾರದು.

ಇಪ್ಪತ್ತನೆಯ ಶತಮಾನದಲ್ಲಿ ಇಂಥವೇ ಮನೆಗಳಿಗೆ ಇನ್ನೊಂದು ಬಗೆಯ ವಾಙ್ಮಯ ಬಂದಿತು. ಅದು ಮರದ ಅಥವಾ ಬೇಕಲೈಟಿನ ಪೆಟ್ಟಿಗೆಯಲ್ಲಿ ಬಂದಿತು. ಅದಕ್ಕೂ ಅದೇ ಹೊಗೆ ಹಿಡಿಯಿತು. ಆದರೆ ಇಲ್ಲಿ ಹೊಗೆ ರಕ್ಷಕನಲ್ಲ. ಈಗ ಆ ಪೆಟ್ಟಿಗೆಗಳು ಅಟ್ಟದಿಂದ ಇಳಿಯುತ್ತಿವೆ. ಇಳಿಸಿದವರು ಮೊದಲು ಮಾಡುವ ಕೆಲಸ ಒದ್ದೆ ಬಟ್ಟೆಯಿಂದ ಒರೆಸುವುದು. ಚರಿತ್ರೆಗೆ ಹಾನಿ ತಗಲುವುದು ಬಹುಮಟ್ಟಿಗೆ ಆ ಅರ್ಧ ಗಂಟೆಯಲ್ಲಿಯೇ.

ಮೈಸೂರಿನ ಮಟ್ಟಿಗೆ ಈ ಚರಿತ್ರೆ ಆರಂಭವಾದದ್ದು 1935ರ ಸೆಪ್ಟೆಂಬರಿನಲ್ಲಿ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 30 ವಾಟ್ ಶಕ್ತಿಯ ಪ್ರೇಷಕದ ಮೂಲಕ ಬಾನುಲಿಯನ್ನು ಹೊರಡಿಸಿದರು. ಆಗಿನ ಮನೆಯ ಸಾಮಾನ್ಯ ವಿದ್ಯುದ್ದೀಪವೊಂದು ಬೇಡುತ್ತಿದ್ದಷ್ಟೂ ಶಕ್ತಿಯಲ್ಲ ಅದು! ಆ ಕೇಂದ್ರಕ್ಕೆ ಸಂದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಬಾನುಲಿಗೆಲ್ಲ ಹೆಸರಾಯಿತು. 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೊಗೆ ಸೇರಿತು. 1955ರಲ್ಲಿ ಬೆಂಗಳೂರಿಗೆ ಹೋಯಿತು. ಇದೆಲ್ಲ ಪುಸ್ತಕಗಳಲ್ಲಿದೆ. ಕೇಳಿದವರ ಕಡೆಯ ಚರಿತ್ರೆ ಮಾತ್ರ ಪುಸ್ತಕಗಳಲ್ಲಿ ಕಡಿಮೆ. ಅದಕ್ಕೆ ಉಳಿದಿರುವ ದಾಖಲೆಯೆಂದರೆ ಅಂಚೆ ಕಚೇರಿಯ ಲೈಸೆನ್ಸ್ ಪುಸ್ತಕ ಮತ್ತು ಈ ಪೆಟ್ಟಿಗೆಗಳು. ಲೈಸೆನ್ಸ್ ಪುಸ್ತಕವನ್ನು ಎಷ್ಟು ಜನ ಇಟ್ಟುಕೊಂಡಿದ್ದಾರು?

ಒಂದೇ ಕೋಣೆಯಲ್ಲಿದ್ದ ಬೀರುವಿಗಿಂತ ರೇಡಿಯೊಗೇ ಹೊಗೆ ಹೆಚ್ಚು ಹಿಡಿದಿರುವುದನ್ನು ಗಮನಿಸಿರಬಹುದು. ಕಾರಣ ಸರಳವಾದದ್ದು. ವಾಲ್ವುಗಳ ರೇಡಿಯೊ ಎಂದರೆ ಒಂದು ಸಣ್ಣ ಒಲೆ. ನಾಲ್ಕೈದು ವಾಲ್ವುಗಳ ಸಾಮಾನ್ಯ ಪೆಟ್ಟಿಗೆ ತೆಗೆದುಕೊಳ್ಳುತ್ತಿದ್ದ 40–60 ವಾಟ್ ವಿದ್ಯುತ್ತಿನಲ್ಲಿ ಧ್ವನಿಯಾದದ್ದು ಅಲ್ಪ, ಉಷ್ಣವಾದದ್ದೇ ಹೆಚ್ಚು. ಬಿಸಿಯಾದ ಗಾಳಿ ಮೇಲೇರಿ ಹಿಂಬದಿಯ ರಂಧ್ರಗಳಿಂದ ಹೊರಟಂತೆ, ಕೆಳಗಿನಿಂದ ಕೋಣೆಯ ಗಾಳಿ ಒಳಗೆ ಬರುತ್ತದೆ. ಕೋಣೆಯಲ್ಲಿ ಏನಿದೆಯೋ ಅದೂ ಬರುತ್ತದೆ. ಒಳಗೆ 200 ವೋಲ್ಟಿಗೂ ಮಿಕ್ಕ ಒತ್ತಡದ ತಂತಿಗಳು ನವುರಾದ ಧೂಳನ್ನು ತಮ್ಮೆಡೆಗೆ ಸೆಳೆದುಕೊಳ್ಳುತ್ತವೆ. ರಾತ್ರಿ ರೇಡಿಯೊ ಆರಿದ ಮೇಲೆ ಎಲ್ಲವೂ ತಣ್ಣಗಾಗಿ ಕುಳಿತುಕೊಳ್ಳುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ಅದೇ.

ಕೋಣೆಯ ಹೊಗೆಯಾದರೂ ಒಂದೇ ಬಗೆಯದಲ್ಲ. ವಿದ್ಯುತ್ತಿಲ್ಲದ ಹಳ್ಳಿಗಳಲ್ಲಿ ಬ್ಯಾಟರಿಯಿಂದ ನಡೆಯುತ್ತಿದ್ದ ವಾಲ್ವ್ ರೇಡಿಯೊಗಳು ಇಷ್ಟು ಕಾಯುತ್ತಿರಲಿಲ್ಲ. ಆದರೂ ಅವುಗಳ ಮೈ ಕಪ್ಪು. ಪಕ್ಕದಲ್ಲಿ ಉರಿಯುತ್ತಿದ್ದುದು ಸೀಮೆಎಣ್ಣೆಯ ಬುಡ್ಡಿ. ಸೌದೆಯ ಹೊಗೆ, ಬುಡ್ಡಿಯ ಹೊಗೆ ಎಣ್ಣೆ ಜಿಡ್ಡಿನ ಕಾಡಿಗೆಯಾಗಿ ಕೂರುತ್ತವೆ. ಬೀಡಿ, ಸಿಗರೇಟುಗಳದು ಕಂದುಹಳದಿಯ ಅಂಟು. ದೇವರ ಗೂಡು ಹತ್ತಿರವಿದ್ದರೆ ಊದಿನಕಡ್ಡಿಯ ಹೊಗೆಯೂ ಸೇರಿಕೊಳ್ಳುತ್ತದೆ. ಬಿಳಿಯ ಬಟ್ಟೆಯ ತುದಿಯನ್ನು ಒದ್ದೆ ಮಾಡಿ ಮೂಲೆಯಲ್ಲಿ ಒತ್ತಿ ನೋಡಿದರೆ, ಬಂದ ಬಣ್ಣವೇ ಆ ಮನೆಯ ಬಗೆಗೆ ಒಂದಿಷ್ಟು ಹೇಳುತ್ತದೆ. ಕಂದು ಬಂದರೆ ಯಜಮಾನರು ಪಕ್ಕದ ಆರಾಮಕುರ್ಚಿಯಲ್ಲಿಯೇ ಕುಳಿತು ವಾರ್ತೆ ಕೇಳುತ್ತಿದ್ದರು ಎಂದು ಊಹಿಸಲು ಅಡ್ಡಿಯಿಲ್ಲ.

ತೆಗೆಯುವ ಕ್ರಮದಲ್ಲಿ ಮುಖ್ಯವಾದದ್ದು, ಒಣಗಿದ್ದನ್ನು ಒಣಗಿದ್ದಾಗಲೇ ತೆಗೆಯುವುದು. ಕಾಡಿಗೆಗೆ ನೀರು ತಾಗಿದರೆ ಅದು ಮರದ ರಂಧ್ರಗಳಿಗೆ ಇಳಿದು ಬಣ್ಣದಂತೆ ನಿಂತುಬಿಡುತ್ತದೆ. ಮೃದುವಾದ ಕುಂಚದಿಂದ ಮೇಲಿನಿಂದ ಕೆಳಕ್ಕೆ ತೀಡಿದ ಅನಂತರವೇ ಬಟ್ಟೆ. ಬೇಕಲೈಟಿಗಾದರೆ ಕ್ಷಾರವಿಲ್ಲದ ಸೋಪಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ ಸಾಕು. ನಮ್ಮ ಮನೆಗಳಲ್ಲಿ ಕೈಗೆ ಮೊದಲು ಸಿಗುತ್ತಿದ್ದದ್ದು ಪಾತ್ರೆ ತಿಕ್ಕುವ ಬೂದಿ. ಬೇಕಲೈಟಿಗೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ. ಬೂದಿ ಕ್ಷಾರವೂ ಹೌದು, ತರಿಯೂ ಹೌದು. 1907ರಲ್ಲಿ ಬೇಕ್‌ಲ್ಯಾಂಡ್ ಕಂಡುಹಿಡಿದ ಈ ವಸ್ತುವಿನಲ್ಲಿ ರಾಳದೊಡನೆ ಮರದ ಹುಡಿ ಬೆರೆತಿರುತ್ತದೆ. ಮೇಲಿನ ಹೊಳಪಿನ ಪದರ ಸವೆದರೆ ಒಳಗಿನ ಹುಡಿ ಬಯಲಾಗಿ ಮೈ ಶಾಶ್ವತವಾಗಿ ಮಂಕಾಗುತ್ತದೆ. ಮರದ ಪೆಟ್ಟಿಗೆಗೆ ಬಳಿದ ಮೆರುಗು ಅರಗಿನದಾದರೆ ಸ್ಪಿರಿಟ್ ತಾಗಿಸಲೇಬಾರದು. ಅರಗಿನ ಮನೆಗೆ ಬೆಂಕಿ ಹೇಗೋ ಅರಗಿನ ಮೆರುಗಿಗೆ ಸ್ಪಿರಿಟ್ ಹಾಗೆ. ಯಂತ್ರಗಳನ್ನೆಲ್ಲ ಸೀಮೆಎಣ್ಣೆಯಿಂದ ಒರೆಸುವ ರೂಢಿಯೂ ಇಲ್ಲಿ ಸಲ್ಲದು. ಅದು ಒಳಗಿನ ತಂತಿಗಳ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ.

ಇನ್ನು ಡಯಲಿನ ಗಾಜು. ನಾನು ಈ ಮಾತನ್ನೆತ್ತಿದ್ದೇ ಇದನ್ನು ಹೇಳುವುದಕ್ಕೆ. ಆ ಗಾಜಿನ ಮೇಲೆ ದೆಹಲಿ, ಬೊಂಬಾಯಿ, ಕೊಲಂಬೊ, ಲಂಡನ್ ಎಂದು ಊರುಗಳ ಹೆಸರುಗಳು ಸಾಲಾಗಿ ಇರುತ್ತಿದ್ದವು. ಭೂಪಟವನ್ನು ಕಾಣದ ಎಷ್ಟೋ ಮಂದಿ ಪ್ರಪಂಚವನ್ನು ಮೊದಲು ಓದಿದ್ದು ಅಲ್ಲಿಯೇ. 1952ರಿಂದ ಸಿನಿಮಾ ಹಾಡುಗಳಿಗಾಗಿ ಮುಳ್ಳು ಕೊಲಂಬೊದ ಕಡೆಗೆ ಹೊರಳಿದ್ದು ಅನೇಕರಿಗೆ ನೆನಪಿರಬಹುದು. ಈ ಅಕ್ಷರಗಳನ್ನು ಸಾಮಾನ್ಯವಾಗಿ ಅಚ್ಚು ಮಾಡುತ್ತಿದ್ದುದು ಗಾಜಿನ ಹಿಂಬದಿಗೆ. ಮುಂದಿನಿಂದ ಓದುವ ನಮಗೆ ಅದು ತೋರುವುದಿಲ್ಲ. ಹಲವು ದಶಕಗಳ ಶಾಖಕ್ಕೆ ಆ ಬಣ್ಣ ಗಾಜಿನ ಹಿಡಿತವನ್ನು ಬಿಟ್ಟಿರುತ್ತದೆ. ಒಳಗಿನಿಂದ ಬಂದ ಹೊಗೆ ಕುಳಿತಿರುವುದೂ ಅದೇ ಬದಿಗೆ, ಅದೇ ಅಕ್ಷರಗಳ ಮೇಲೆ. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ಸಾಕು, ಹೊಗೆಯ ಜೊತೆಗೆ ಕೊಲಂಬೊ ಬಟ್ಟೆಗೆ ಬಂದುಬಿಡುತ್ತದೆ. ಗಾಜು ಅಂಗಡಿಯ ಗಾಜಿನಂತೆ ತಳತಳಿಸುತ್ತದೆ. ಓದುವುದಕ್ಕೆ ಏನೂ ಇರುವುದಿಲ್ಲ. ಓಲೆಯಲ್ಲಿ ಅಕ್ಷರ ಗೀರಿನೊಳಗಿತ್ತು, ಒರೆಸಿದರೂ ಉಳಿಯಿತು. ಗಾಜಿನಲ್ಲಿ ಅದು ಹೊರಮೈಯಲ್ಲಿದೆ. ಆದುದರಿಂದ ಹಿಂಬದಿಯನ್ನು ಒಣ ಕುಂಚದಿಂದ ಸವರಿ ಬಿಡುವುದು ಲೇಸು. ಬಹಳ ಬೇಕೆನಿಸಿದರೆ, ಕಡ್ಡಿಗೆ ಸುತ್ತಿದ ಹತ್ತಿಯನ್ನು ತುಸು ತೇವ ಮಾಡಿ ಅಕ್ಷರಗಳ ನಡುವಣ ಬರಿಯ ಗಾಜನ್ನು ಮಾತ್ರ ತೊಳೆಯಬಹುದು. ಒಂದು ಡಯಲಿಗೆ ಒಂದು ಮಧ್ಯಾಹ್ನ ಹಿಡಿಯುತ್ತದೆ. ಹಿಡಿಯಲಿ. ವಾಲ್ವುಗಳ ಗಾಜಿನ ಮೇಲೆ ಅಚ್ಚಾದ ಸಂಖ್ಯೆಗಳಿಗೂ ಈ ಎಚ್ಚರಿಕೆ ಸಲ್ಲುತ್ತದೆ. ಆ ಸಂಖ್ಯೆ ಹೋದರೆ ಯಾವುದರ ಸ್ಥಾನಕ್ಕೆ ಯಾವುದು ಎಂದು ತಿಳಿಯುವುದೇ ಕಷ್ಟ.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಆಯುಧಪೂಜೆಯ ದಿನ ಮನೆಯ ಹೆಂಗಸರು ರೇಡಿಯೊಗೂ ಅರಿಸಿನ ಕುಂಕುಮ ಇಡುತ್ತಿದ್ದರು. ವರ್ಷ ವರ್ಷವೂ ಅದೇ ಜಾಗದಲ್ಲಿ ಇಟ್ಟ ಬೊಟ್ಟು ಮೆರುಗಿನೊಳಗೆ ಇಳಿದು ನಿಂತಿರುವ ಪೆಟ್ಟಿಗೆಗಳು ಉಂಟು. ಅದು ಕೊಳೆಯೇ? ಕೊಂಡು ಮಾರುವ ಸಂಗ್ರಾಹಕರು ಕೊಳೆಯೆಂದೇ ಎಣಿಸಿ ಉಜ್ಜಿ ತೆಗೆಯುತ್ತಾರೆ. ಪೆಟ್ಟಿಗೆ ಕಾರ್ಖಾನೆಯಿಂದ ಹೊರಟಾಗ ಹೇಗಿತ್ತೋ ಹಾಗೆ ಕಾಣಬೇಕೆಂಬುದು ಅವರ ವಾದ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಕಾರ್ಖಾನೆಯಿಂದ ಹೊರಟ ಪೆಟ್ಟಿಗೆಗಳು ಒಂದರಂತೆ ಒಂದು ಇದ್ದವು. ಇದು ಒಂದು ಮನೆಯಲ್ಲಿ ಬಾಳಿದ ಪೆಟ್ಟಿಗೆ. ಹೊಗೆ ತಾನಾಗಿ ಬಂದು ಕುಳಿತದ್ದು, ಯಂತ್ರವನ್ನು ಕೆಡಿಸುವಂಥದು, ಅದು ಹೋಗಲಿ. ಬೊಟ್ಟನ್ನು ಒಬ್ಬರು ಇಟ್ಟರು. ಅದು ಬರಹಕ್ಕೆ ಸಮಾನ.

ಒಳಗಿನ ಭಾಗಕ್ಕೆ ಕೈಹಾಕುವವರಿಗೆ ಒಂದು ಮಾತು. ವಿದ್ಯುತ್ತಿನ ಸಂಪರ್ಕವನ್ನು ಕಿತ್ತ ಮೇಲೆಯೂ ಕಂಡೆನ್ಸರುಗಳಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು. ಎ.ಸಿ., ಡಿ.ಸಿ. ಎರಡಕ್ಕೂ ಒಗ್ಗುವಂತೆ ಮಾಡಿದ ಕೆಲವು ರೇಡಿಯೊಗಳಲ್ಲಿ ಲೋಹದ ಚೌಕಟ್ಟಿಗೇ ವಿದ್ಯುತ್ತು ಹರಿಯುತ್ತದೆ. ಬಿಸಿ ತಡೆಯಲು ಹಾಕಿದ ಬೂದುಬಣ್ಣದ ಹಾಳೆ ಆಸ್‌ಬೆಸ್ಟಾಸ್ ಆಗಿರಬಹುದಾದ್ದರಿಂದ ಅದನ್ನು ತೀಡುವುದಾಗಲಿ ಊದುವುದಾಗಲಿ ಕೂಡದು. ಬಲ್ಲವರೊಬ್ಬರು ಪಕ್ಕದಲ್ಲಿರುವುದು ಒಳ್ಳೆಯದು. ಉಳಿದಂತೆ, ಕೇಂದ್ರಗಳನ್ನು ಹುಡುಕುವಾಗ ಒಂದರೊಳಗೊಂದು ಸರಿಯುವ ಆ ತೆಳುವಾದ ಲೋಹದ ಎಲೆಗಳ ನಡುವಿನ ಧೂಳನ್ನು ನವುರಾದ ಕುಂಚದಿಂದ ತೆಗೆದರೆ, ಕೊರಕೊರ ಸದ್ದಿನ ಒಂದು ಪಾಲು ಅಷ್ಟಕ್ಕೇ ನಿಲ್ಲುವುದುಂಟು.

ಧ್ವನಿವರ್ಧಕದ ಕಾಗದದ ಬುನಾದಿಯನ್ನು, ಅದರ ಮುಂದಿನ ನೇಯ್ದ ಬಟ್ಟೆಯನ್ನು ಮಾತ್ರ ತೊಳೆಯುವಂತಿಲ್ಲ. ಕಾಗದ ಹರಿಯುತ್ತದೆ, ಬಟ್ಟೆ ಕುಗ್ಗುತ್ತದೆ. ಅವುಗಳ ಎಳೆಗಳಿಗೆ ಇಳಿದ ಹೊಗೆ ಅಲ್ಲಿಯೇ ಇರುತ್ತದೆ. ಎಲ್ಲವನ್ನೂ ಶುಚಿ ಮಾಡಿ, ಸರಿಪಡಿಸಿ, ರೇಡಿಯೊವನ್ನು ಹಚ್ಚಿದಾಗ ವಾಲ್ವುಗಳು ಕಾಯಲು ಅರ್ಧ ನಿಮಿಷ ಹಿಡಿಯುತ್ತದೆ. ಧ್ವನಿ ಬಂದು ಪೆಟ್ಟಿಗೆ ಚೆನ್ನಾಗಿ ಬಿಸಿಯೇರಿದ ಮೇಲೆ ಆ ಬಟ್ಟೆಯೊಳಗಿನಿಂದ ಹಳೆಯ ತಂಬಾಕಿನ, ಸೌದೆಯ ವಾಸನೆ ಮೆಲ್ಲನೆ ಹೊರಡುತ್ತದೆ.