ರೋಸಾ ಮೋಟಾ: ತಡವಾಗಿ ತೆರೆದ ದಾರಿ

ಏಪ್ರಿಲ್ ತಿಂಗಳ ಮೂರನೇ ಸೋಮವಾರ ನಮ್ಮ ಬಾಸ್ಟನ್ನಿಗೆ ರಜೆ. ಹಾಪ್ಕಿಂಟನ್ನಿನಿಂದ ಹೊರಟ ಮ್ಯಾರಥಾನ್ ಓಟಗಾರರು ನ್ಯೂಟನ್ನಿನ ಏರು ಹತ್ತುವಾಗ ರಸ್ತೆ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟುವವರಲ್ಲಿ ನಾನೂ ಒಬ್ಬಳು. ಈ ಓಟವನ್ನು 1987, 1988 ಮತ್ತು 1990ರಲ್ಲಿ ಗೆದ್ದವಳು ಪೋರ್ಚುಗಲ್ಲಿನ ರೋಸಾ ಮೋಟಾ. ವಿಜೇತರ ಪಟ್ಟಿಯಲ್ಲಿ ಆ ಹೆಸರು ಕಂಡ ಮೇಲೆ ಅವಳ ಬದುಕನ್ನು ಹುಡುಕಿ ಓದಿದೆ.

ರೋಸಾ ಹುಟ್ಟಿದ್ದು 1958ರಲ್ಲಿ, ಪೋರ್ಟೊ ನಗರದಲ್ಲಿ. ದೇಶ ಆಗ ಸರ್ವಾಧಿಕಾರದ ಕೆಳಗಿತ್ತು. ಅದು ಕೊನೆಗೊಂಡದ್ದು 1974ರ ಏಪ್ರಿಲ್‌ನಲ್ಲಿ, ಅವಳಿಗೆ ಹದಿನೈದು ವರ್ಷವಾಗಿದ್ದಾಗ. ಓಟದ ಜಗತ್ತಿನಲ್ಲಿ ಬೇರೆಯೇ ಒಂದು ನಿರ್ಬಂಧವಿತ್ತು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿದರು. ಇಷ್ಟು ದೂರ ಅವರ ಮೈಗೆ ಒಗ್ಗದೆಂದು ಆ ಓಟವನ್ನೇ ತೆಗೆದುಹಾಕಿದರು. ಅದು ಮರಳಿ ಬಂದದ್ದು 1960ರಲ್ಲಿ. ಬಾಸ್ಟನ್ ಮ್ಯಾರಥಾನ್ ಹೆಂಗಸರಿಗೆ ಅಧಿಕೃತವಾಗಿ ತೆರೆದದ್ದು 1972ರಲ್ಲಿ.

1982ರಲ್ಲಿ ಅಥೆನ್ಸ್‌ನ ಯೂರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಮೊದಲ ಬಾರಿಗೆ ಮಹಿಳಾ ಮ್ಯಾರಥಾನ್ ನಡೆಯಿತು. ರೋಸಾಳಿಗೂ ಅದೇ ಮೊದಲ ಮ್ಯಾರಥಾನ್. ಆಸ್ತಮಾದಿಂದ ನರಳಿದ್ದ ಈ ಪುಟ್ಟ ದೇಹದ ಹುಡುಗಿಯ ಮೇಲೆ ಯಾರಿಗೂ ಹೆಚ್ಚಿನ ನಿರೀಕ್ಷೆ ಇರಲಿಲ್ಲ. ನಾರ್ವೆಯ ಇಂಗ್ರಿಡ್ ಕ್ರಿಸ್ಟಿಯನ್ಸೆನ್‌ಳಂಥವರನ್ನು ಹಿಂದೆ ಹಾಕಿ ಅವಳು ಗೆದ್ದಳು.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಎಂದರೆ ನಮಗೆ ನೆನಪಾಗುವುದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪದಕ ತಪ್ಪಿಸಿಕೊಂಡ ಪಿ.ಟಿ. ಉಷಾ. ಅದಕ್ಕೆ ಮೂರು ದಿನ ಮೊದಲು, ಆಗಸ್ಟ್ 5ರಂದು, ಒಲಿಂಪಿಕ್ಸ್‌ನ ಮೊಟ್ಟಮೊದಲ ಮಹಿಳಾ ಮ್ಯಾರಥಾನ್ ಅಲ್ಲೇ ನಡೆದಿತ್ತು. ಅಮೆರಿಕದ ಜೋನ್ ಬೆನಾಯ್ಟ್‌ಗೆ ಚಿನ್ನ, ನಾರ್ವೆಯ ಗ್ರೇಟೆ ವೈಟ್ಸ್‌ಗೆ ಬೆಳ್ಳಿ, ರೋಸಾಳಿಗೆ ಕಂಚು.

ಆಮೇಲೆ ಅವಳದೇ ಕಾಲ. 1987ರಲ್ಲಿ ರೋಮ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎರಡನೆಯವಳು ಗುರಿ ಮುಟ್ಟಿದ್ದು ರೋಸಾ ಮುಟ್ಟಿ ಏಳು ನಿಮಿಷಕ್ಕೂ ಹೆಚ್ಚು ಹೊತ್ತು ಕಳೆದ ಮೇಲೆ. 1988ರ ಸೋಲ್ ಅಷ್ಟು ಸಲೀಸಾಗಿರಲಿಲ್ಲ. ಕೊನೆಯ ಹಂತದವರೆಗೂ ಆಸ್ಟ್ರೇಲಿಯಾದ ಲಿಸಾ ಮಾರ್ಟಿನ್ ಮತ್ತು ಪೂರ್ವ ಜರ್ಮನಿಯ ಕಾಟ್ರಿನ್ ಡೋರೆ ಜೊತೆಗೇ ಇದ್ದರು. ರೋಸಾ ವೇಗ ಹೆಚ್ಚಿಸಿ 2 ಗಂಟೆ 25 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದಳು. ಲಿಸಾಗಿಂತ ಬರೀ 13 ಸೆಕೆಂಡು ಮುಂದೆ. ಪೋರ್ಚುಗಲ್ಲಿನ ಹೆಣ್ಣುಮಗಳೊಬ್ಬಳು ಒಲಿಂಪಿಕ್ ಚಿನ್ನ ಗೆದ್ದದ್ದು ಅದೇ ಮೊದಲು. 1990ರಲ್ಲಿ ಸ್ಪ್ಲಿಟ್‌ನಲ್ಲಿ ಮೂರನೇ ಯೂರೋಪಿಯನ್ ಕಿರೀಟ, 1991ರಲ್ಲಿ ಲಂಡನ್. ಪೋರ್ಟೊದ ದೊಡ್ಡ ಕ್ರೀಡಾಂಗಣ ಮಂದಿರಕ್ಕೆ ಇಂದು ಅವಳ ಹೆಸರಿದೆ.

ಇಷ್ಟನ್ನೂ ಪ್ರತಿಭೆ, ಪರಿಶ್ರಮ ಎಂದು ಬರೆದು ಮುಗಿಸಬಹುದು. ನನಗೆ ಕಾಡುವುದು ತಾರೀಖುಗಳು. ರೋಸಾ ಹತ್ತು ವರ್ಷ ಮೊದಲು ಹುಟ್ಟಿದ್ದರೆ, ಅವಳ ಶಕ್ತಿ ತುಂಬಿದ ವರ್ಷಗಳಲ್ಲಿ ಯೂರೋಪಿಯನ್ ಕೂಟದಲ್ಲಾಗಲಿ ಒಲಿಂಪಿಕ್ಸ್‌ನಲ್ಲಾಗಲಿ ಅವಳು ಓಡಬೇಕಾದ ಓಟವೇ ಇರುತ್ತಿರಲಿಲ್ಲ. ಹಾಗೆ ಮೊದಲೇ ಹುಟ್ಟಿದವರು ಎಷ್ಟು ಮಂದಿಯೋ! ನಮ್ಮ ಶಾಲೆಯ ಕ್ರೀಡಾದಿನದಲ್ಲೂ ಹುಡುಗಿಯರಿಗೆ ಇದ್ದದ್ದು ನೂರು ಮೀಟರ್ ಓಟ, ನಿಂಬೆಹಣ್ಣು-ಚಮಚದ ಓಟ, ಅಷ್ಟೇ. ಅದಕ್ಕಿಂತ ದೂರ ಓಡಬಲ್ಲೆವೇ ಎಂದು ನಮ್ಮನ್ನು ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ.

ನ್ಯೂಟನ್ನಿನ ಏರಿನಲ್ಲಿ ಈಗ ನನ್ನ ವಯಸ್ಸಿನ ಹೆಂಗಸರೂ ಏದುಸಿರು ಬಿಡುತ್ತ ಹತ್ತಿ ಹೋಗುತ್ತಾರೆ. ಅವರಿಗೆ ನಾನು ಸ್ವಲ್ಪ ಜೋರಾಗಿಯೇ ಚಪ್ಪಾಳೆ ತಟ್ಟುತ್ತೇನೆ.