ಪಾವಗಡದ ಸೋಲಾರ್ ಪಾರ್ಕ್: ಜಮೀನು ಯಾರದ್ದು, ಬಾಡಿಗೆ ಎಷ್ಟು, ಕರೆಂಟ್ ಎಲ್ಲಿಗೆ?

ಪಾವಗಡ: ಮಳೆ ನಂಬಿ ಶೇಂಗಾ ಬಿತ್ತಿ ಕೈಸುಟ್ಟುಕೊಳ್ಳುತ್ತಿದ್ದ ನಾಗಲಮಡಿಕೆ ಹೋಬಳಿಯ ಹೊಲಗಳಲ್ಲಿ ಈಗ ಬಿಸಿಲೇ ಬೆಳೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 'ಶಕ್ತಿ ಸ್ಥಳ' ಸೋಲಾರ್ ಪಾರ್ಕ್, 2019ರ ಕೊನೆಗೆ 2,050 ಮೆಗಾವ್ಯಾಟ್ ಸಾಮರ್ಥ್ಯ ಮುಟ್ಟಿತು.

ಎಲ್ಲಿದೆ?
ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು ಮತ್ತು ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ. ಅಂದರೆ ಒಂದು ಮೆಗಾವ್ಯಾಟ್‌ಗೆ ಆರು ಎಕರೆಗೂ ಹೆಚ್ಚು ಜಾಗ.

ಜಮೀನು ಯಾರದ್ದು?
ರೈತರದ್ದೇ. ಸರ್ಕಾರ ಇಲ್ಲಿ ಭೂಸ್ವಾಧೀನ ಮಾಡಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಪಡೆಯಿತು. ಪಹಣಿ ರೈತರ ಹೆಸರಲ್ಲೇ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯ್ತು. ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಐದು ಎಕರೆ ಕೊಟ್ಟವರಿಗೆ ಮೊದಲ ವರ್ಷ 1.05 ಲಕ್ಷ ರೂಪಾಯಿ. ಮಳೆ ಬರಲಿ, ಬಿಡಲಿ, ದುಡ್ಡು ಗ್ಯಾರಂಟಿ.

ಯಾರಿಗೆ ಸಿಗಲಿಲ್ಲ?
ಪಹಣಿ ಇದ್ದವರಿಗೆ ಬಾಡಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು, ಶೇಂಗಾ ಬಿಡಿಸಿ ಕೂಲಿ ಪಡೆಯುತ್ತಿದ್ದವರಿಗೆ ಅದರಲ್ಲಿ ಪಾಲಿಲ್ಲ. ಬೇಲಿ ಬಿದ್ದ ಮೇಲೆ ಕುರಿ ಮೇಯಿಸುವ ಜಾಗವೂ ಕಡಿಮೆಯಾಯ್ತು. ಪ್ಯಾನೆಲ್ ತೊಳೆಯೋದು, ಹುಲ್ಲು ಕತ್ತರಿಸೋದು, ಕಾವಲು ಕಾಯೋದು, ಈ ಕೆಲಸಗಳು ಸಿಕ್ಕಿದ್ದು ಕೆಲವರಿಗಷ್ಟೇ.

ಪಕ್ಕದಲ್ಲೇ ಪಾರ್ಕ್ ಇದ್ದರೂ ಕರೆಂಟ್ ಹೋಗೋದ್ಯಾಕೆ?
ಅಂಗಡಿಯವರು ಕೇಳುವ ಪ್ರಶ್ನೆ ಇದು. ಪಾರ್ಕಿನ ವಿದ್ಯುತ್ ನೇರವಾಗಿ ಪೇಟೆಗೆ ಬರಲ್ಲ, ಹೈಟೆನ್ಷನ್ ಲೈನ್ ಮೂಲಕ ಗ್ರಿಡ್ ಸೇರುತ್ತದೆ. ನಮ್ಮ ಬೀದಿಯ ಕರೆಂಟು ಊರಿನ ಫೀಡರ್, ಟ್ರಾನ್ಸ್‌ಫಾರ್ಮರ್ ಎಷ್ಟು ಗಟ್ಟಿ ಇವೆ ಅನ್ನೋದನ್ನೂ ಅವಲಂಬಿಸಿದೆ.

ಕತ್ತಲಾದ ಮೇಲೆ?
ಅಂಗಡಿ ದೀಪ ಹೊತ್ತುವ ವೇಳೆಗೆ ಪ್ಯಾನೆಲ್‌ಗಳ ಉತ್ಪಾದನೆ ಸೊನ್ನೆ. ಆಗ ರಾಯಚೂರಿನ ಕಲ್ಲಿದ್ದಲು, ಶರಾವತಿಯ ನೀರು ಕೈಹಿಡಿಯಬೇಕು. ಹೀಗಾಗಿ ಪ್ಯಾನೆಲ್ ಹೆಚ್ಚಿಸಿದರಷ್ಟೇ ಸಾಲದು. ಹಗಲಿನ ವಿದ್ಯುತ್ತನ್ನು ಬ್ಯಾಟರಿಯಲ್ಲಿ ಕೂಡಿಡಬೇಕು, ಇಲ್ಲವೇ ಐಪಿ ಸೆಟ್‌ಗಳಿಗೆ ಹಗಲಲ್ಲೇ ತ್ರೀ ಫೇಸ್ ಕೊಟ್ಟು ಬಳಸಬೇಕು.

ಜಮೀನು ಕೊಡುವ ಮುನ್ನ
ಬೇರೆ ಕಡೆ ಸೋಲಾರ್‌ಗೆ ಜಮೀನು ಕೇಳಿ ಬಂದರೆ ಮೂರು ವಿಷಯ ನೋಡಿಕೊಳ್ಳಿ: ಪಹಣಿ ನಿಮ್ಮ ಹೆಸರಲ್ಲಿದೆಯೇ, ಬಾಡಿಗೆ ಏರಿಕೆ ಬೆಲೆಯೇರಿಕೆಗೆ ಸಾಟಿಯಾಗುತ್ತದೆಯೇ, ಅವಧಿ ಮುಗಿದಾಗ ಹೊಲವನ್ನು ಯಾವ ಸ್ಥಿತಿಯಲ್ಲಿ ವಾಪಸ್ ಕೊಡುತ್ತಾರೆ. ಗ್ರಾಮಸಭೆಯಲ್ಲಿ ನಾಲ್ಕನೆಯದನ್ನೂ ಕೇಳಬೇಕು: ಜಮೀನಿಲ್ಲದವರಿಗೆ ಏನು?